ಕೆಟ್ಟ ಹೆಸರು ಯಾವುದು, ಹೇಳಬೇಕಾದವರು ಯಾರು?

ಶಿವಮೊಗ್ಗದ ಓದುಗರೇ,

ಹೆಣ್ಣುಮಕ್ಕಳನ್ನು ಹೀನಾಯವಾಗಿ ಕರೆಯುವ ಹೆಸರಿನ ವೆಬ್‌ಸೈಟೊಂದು ಮಗಳ ಕಣ್ಣಿಗೆ ಬಿತ್ತು ಅಂತ ಬರೆದಿದ್ದೀರಿ. ‘ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಮಾರುವವರು ಕೆಟ್ಟ ಪದಗಳ ಪಟ್ಟಿ ಇಟ್ಟುಕೊಂಡು ಮೊದಲೇ ತಡೆಯಬಾರದೇ?’ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಪಟ್ಟಿಗೆ ನನ್ನ ಒಪ್ಪಿಗೆ ಇಲ್ಲ.

ಅದನ್ನು ಮಾಡಿ ನೋಡಿದ್ದಾಗಿದೆ. 1998ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಒಬ್ಬರು ಶಿಟಾಕಿ ಅಣಬೆಯ ಹೆಸರಲ್ಲಿ ಡಾಟ್ ಕಾಮ್ ವಿಳಾಸ ಕೇಳಿದರು. ಆಗ ನೋಂದಣಿ ನೋಡಿಕೊಳ್ಳುತ್ತಿದ್ದ ಇಂಟರ್‌ನಿಕ್ ಏಳು ಬೈಗುಳಗಳಿಗೆ ಫಿಲ್ಟರ್ ಹಾಕಿತ್ತು. ಅಣಬೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಸೇರಿದರೆ ಮಲಕ್ಕೆ ಹೇಳುವ ಒರಟು ಮಾತು. ಹೆಸರು ಸಿಗಲಿಲ್ಲ.

ಕನ್ನಡದಲ್ಲಿ ಇನ್ನೂ ಕಷ್ಟ. ಈಗ ನಮ್ಮ ಲಿಪಿಯಲ್ಲೇ ‘ಡಾಟ್ ಭಾರತ’ ವಿಳಾಸಗಳಿವೆ. ‘ನೈತಿಕ’ ಎಂಬ ಪದವನ್ನೇ ತಗೊಳ್ಳಿ. ಕೊನೆಯ ಎರಡು ಅಕ್ಷರ ಬಿಡಿಸಿ ಓದಿ. ಜಗಳದಲ್ಲಿ ಬಾಯಿಗೆ ಬರುವ ಮಾತು ಅದು, ಅಲ್ವಾ? ಪಟ್ಟಿ ನಂಬಿದ ಯಂತ್ರ ಊರಿನ ಸಾಂಸ್ಕೃತಿಕ ಸಂಘಕ್ಕೂ ವಿಳಾಸ ಕೊಡಲಿಕ್ಕಿಲ್ಲ. ಹೂವಿನ ಹೆಸರಿಟ್ಟು ಒಳಗೆ ಹೊಲಸು ತುಂಬಿದವರನ್ನು ಮಾತ್ರ ಸುಮ್ನೆ ಬಿಟ್ಟುಬಿಡುತ್ತದೆ.

ಬ್ರಿಟನ್ನಿನವರ ದಾರಿ ನನಗೆ ಜಾಸ್ತಿ ಸರಿ ಕಾಣುತ್ತದೆ. ಡಾಟ್ ಯುಕೆ ಹೆಸರುಗಳನ್ನು ನೋಡಿಕೊಳ್ಳುವ ನಾಮಿನೆಟ್ ಸಂಸ್ಥೆ 2013ರಲ್ಲಿ ಕೆನ್ ಮ್ಯಾಕ್‌ಡೊನಾಲ್ಡ್ ಅವರ ಅಭಿಪ್ರಾಯ ಕೇಳಿತು. ಹಿಂದೆ ಅಲ್ಲಿ ಸರ್ಕಾರದ ಪರ ಕ್ರಿಮಿನಲ್ ಮೊಕದ್ದಮೆ ನಡೆಸುವ ಇಲಾಖೆಯ ಮುಖ್ಯಸ್ಥರಾಗಿದ್ದವರು ಅವರು. ಕಿವಿಗೆ ಅಸಹ್ಯ ಅನ್ನಿಸುವ ಪದಗಳಿಗೆಲ್ಲ ನಾಮಿನೆಟ್ ಕಾವಲು ಕೂರುವುದು ಬೇಡ ಎಂದರು. ಲೈಂಗಿಕ ಅಪರಾಧವನ್ನು ಸೂಚಿಸುವ ಹೆಸರುಗಳನ್ನು ಮಾತ್ರ ನೋಂದಣಿಯಾದ ಮೇಲೆ ಪರಿಶೀಲಿಸಿ ಎಂದರು. ಅದರಂತೆ 48 ಗಂಟೆಯೊಳಗೆ ಪರಿಶೀಲಿಸುವ ಏರ್ಪಾಡು ಬಂತು. ಅಲ್ಲಿ ಮನುಷ್ಯರ ಕಣ್ಣು ಬೇಕೇ ಬೇಕು. ಥೆರಪಿಸ್ಟ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಮೂರನೇ ಅಕ್ಷರಕ್ಕೆ ತುಂಡು ಮಾಡಿದರೆ ‘ಅತ್ಯಾಚಾರಿ’ ಎಂಬ ಅರ್ಥ ಬರುತ್ತದೆ. ರೋಗಿಗಳ ಆರೈಕೆ ಮಾಡುವವರ ಕೆಲಸದ ಹೆಸರು ಅದು!

ನಮ್ಮಲ್ಲೂ ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ, ಯಾವ ದೂರು ಸರಿ, ಯಾವುದು ತಪ್ಪು ಅಂತ ಇಂಟರ್ನೆಟ್ ಕಂಪನಿಗಳೇ ತೀರ್ಮಾನಿಸುವುದು ಬೇಡ, ಕೋರ್ಟಿನ ಆದೇಶವೋ ಸರ್ಕಾರದ ಸೂಚನೆಯೋ ಬಂದಾಗ ತೆಗೆಯಲಿ ಎಂದಿತು. ನನ್ನದೂ ಅದೇ ಮಾತು. ಜೊತೆಗೆ ಒಂದು ಸೇರಿಸುತ್ತೇನೆ. ವೆಬ್‌ಸೈಟ್ ತಡೆಯುವ ಸರ್ಕಾರಿ ಆದೇಶಗಳನ್ನು 2009ರ ನಿಯಮ ಗುಟ್ಟಾಗಿಡುತ್ತದೆ. ಅದು ತಪ್ಪು. ಹೆಸರು ಕಳೆದುಕೊಂಡವರಿಗೆ ಕಾರಣ ಗೊತ್ತಾಗಬೇಕು.

ನೀವು ಆ ಪುಟದ ಸ್ಕ್ರೀನ್‌ಶಾಟ್ ತೆಗೆದು, ವಿಳಾಸ ಮತ್ತು ತಾರೀಖು ಬರೆದುಕೊಂಡು, ಸೈಬರ್ ಠಾಣೆಗೆ ದೂರು ಕೊಡಿ. ಮಗಳನ್ನೂ ಕರೆದುಕೊಂಡು ಹೋಗಿ.

– ಸಂಪಾದಕ