ಪ್ರತಿಕ್ರಿಯೆ: ಮೆಕ್ಸಿಕನ್ ಮೂಲದ ಮಾವನವರ ಆಂಜಿಯೋಪ್ಲಾಸ್ಟಿಗೆ ರಿಸ್ಕ್ ಜಾಸ್ತಿ ಯಾಕೆ?

ಮೆಕ್ಸಿಕನ್ ಮೂಲದ ನಿಮ್ಮ ಮಾವನವರಿಗೆ ಆಂಜಿಯೋಪ್ಲಾಸ್ಟಿಯಲ್ಲಿ (ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿ, ಸ್ಟೆಂಟ್ ಅನ್ನೋ ಜಾಲರಿ ಕೊಳವೆ ಇಡೋದು) ರಿಸ್ಕ್ ಜಾಸ್ತಿ ಯಾಕೆ ಅಂತ ಕೇಳಿದ್ದೀರಿ. ಜಾಸ್ತಿ ಅಂದಿರೋದು ಬಹುಶಃ ಅವರ ಮೂಲಕ್ಕಲ್ಲ, ನೀವೇ ಬರೆದಿರುವ 15 ವರ್ಷದ ಸಕ್ಕರೆ ಕಾಯಿಲೆಗೆ ಮತ್ತು ಕಿಡ್ನಿ ದುರ್ಬಲವಾಗಿದೆ ಅಂತ ತೋರಿಸುವ 1.8 ಕ್ರಿಯಾಟಿನಿನ್‌ಗೆ. ಅಮೆರಿಕದ ಹಿಸ್ಪಾನಿಕ್ ಸಮುದಾಯದಲ್ಲಿ ಸಕ್ಕರೆ ಕಾಯಿಲೆ ಹೆಚ್ಚು, ಮೂಲದ ಮಾತು ಬರೋದು ಹಾಗೆ.

ಮೊದಲು ಕಿಡ್ನಿ. ರಕ್ತನಾಳ ಕಾಣಲು ಬಿಡುವ ಡೈ ಅದಕ್ಕೆ ಹೊರೆ. ಇಬುಪ್ರೊಫೆನ್‌ನಂಥ ನೋವಿನ ಮಾತ್ರೆ ಈಗಿನಿಂದಲೇ ಬೇಡ. ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನ ಕೇಳಿ; ಇಂಥ ಕಿಡ್ನಿ ಇದ್ದರೆ ಸಾಮಾನ್ಯವಾಗಿ ಅವತ್ತು ನಿಲ್ಲಿಸಿ, 48 ಗಂಟೆ ಬಿಟ್ಟು ಕ್ರಿಯಾಟಿನಿನ್ ನೋಡಿ ಮತ್ತೆ ಶುರು ಮಾಡ್ತಾರೆ. ಕಿಡ್ನಿ ಕಾಪಾಡಲು ಸಲೈನ್ ಎಷ್ಟು ಕೊಡಬಹುದು ಅನ್ನೋದು ಹೃದಯದ ಪಂಪಿಂಗ್ ಮೇಲಿದೆ, ಎಕೋ (ಹೃದಯದ ಸ್ಕ್ಯಾನ್) ನೋಡದೆ ಹೇಳಕ್ಕಾಗಲ್ಲ. ತೊಡೆಸಂದಿಯ ಬದಲು ಮಣಿಕಟ್ಟಿನಿಂದ ಮಾಡಬಹುದಾ ಅಂತಲೂ ಕೇಳಿ, ರಕ್ತಸ್ರಾವ ಕಡಿಮೆ.

ಆಮೇಲೆ ಮಾತ್ರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು) ಹೃದ್ರೋಗ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ, ಹಲ್ಲಿನ ಡಾಕ್ಟರ್ ಹೇಳಿದರೂ ಸರಿ. ನಿಲ್ಲಿಸಿದರೆ ಸ್ಟೆಂಟ್ ದಿಢೀರ್ ಕಟ್ಟಿಕೊಳ್ಳಬಹುದು. ಇಂಗ್ಲಿಷ್ ಬಾರದವರಿಗೆ ಇನ್ನೊಂದು ಅಪಾಯ: ಲೇಬಲ್ ಮೇಲಿನ 'ಒನ್ಸ್' (once, ಅಂದರೆ ಒಮ್ಮೆ) ಅನ್ನೋ ಅಕ್ಷರಗಳೇ ಸ್ಪ್ಯಾನಿಷ್‌ನಲ್ಲಿ 'ಓನ್ಸೆ', ಅಂದರೆ ಹನ್ನೊಂದು! ಫಾರ್ಮಸಿಯಲ್ಲಿ ಸ್ಪ್ಯಾನಿಷ್ ಲೇಬಲ್ ಕೇಳಿ. ಆಸ್ಪತ್ರೆಯಲ್ಲಿ ನಿಮ್ಮ ಮಡದಿ ಭಾಷಾಂತರ ಮಾಡೋದು ಬೇಡ, ದುಭಾಷಿಯನ್ನು ಉಚಿತವಾಗಿ ಕೊಡ್ತಾರೆ, ಪಟ್ಟು ಹಿಡಿದು ಕೇಳಿ.

ಮನೆಗೆ ಬಂದ ಮೇಲೆ ಚುಚ್ಚಿದ ಜಾಗದಲ್ಲಿ ರಕ್ತ ಬಂದರೆ ಗಟ್ಟಿಯಾಗಿ ಒತ್ತಿಹಿಡಿಯಿರಿ. 10 ನಿಮಿಷದಲ್ಲಿ ನಿಲ್ಲದಿದ್ದರೆ, ಚಿಮ್ಮಿದರೆ, ಅಥವಾ ಎದೆನೋವು, ಉಸಿರುಕಟ್ಟು ಬಂದರೆ ತಕ್ಷಣ 911ಕ್ಕೆ (ಅಮೆರಿಕದ ತುರ್ತು ನಂಬರ್) ಫೋನ್ ಮಾಡಿ.