ಆ ಬೆಂಚಿನಿಂದಲೇ ಶುರು ಮಾಡಿ

ನಮಸ್ಕಾರ,

ಬಸುರಿಯರ ಸಕ್ಕರೆ ಕಾಯಿಲೆ ಮತ್ತು ಮುಂದೆ ಅವರ ಮಕ್ಕಳ ಹೃದಯದ ಆರೋಗ್ಯದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಪಕ್ಕಕ್ಕಿಡಲೂ ಮನಸ್ಸು ಬರುತ್ತಿಲ್ಲ.

‘ತಾಯಿಯ ಸಕ್ಕರೆ, ಮಗುವಿನ ಎದೆಗೆ ಕೊಳ್ಳಿ’ ಎಂದು ತಲೆಬರಹ ಕೊಟ್ಟಿದ್ದೀರಿ. ಇದನ್ನು ಓದುವವಳು ಏಳು ತಿಂಗಳ ಬಸುರಿ, ನಿನ್ನೆ ತಾನೇ ರಿಪೋರ್ಟ್ ಕೈಗೆ ಬಂದಿದೆ ಅಂದುಕೊಳ್ಳಿ. ಅವಳಿಗೆ ರಾತ್ರಿ ನಿದ್ದೆ ಬರುತ್ತದಾ?

ಲೆಕ್ಕವೂ ತಪ್ಪಿದೆ. ಇಂಥ ತಾಯಂದಿರ ಮಕ್ಕಳಲ್ಲಿ 100ಕ್ಕೆ 29 ಜನರಿಗೆ ಹೃದ್ರೋಗ ಬರುತ್ತದೆ ಎಂದು ಡೆನ್ಮಾರ್ಕಿನ ಅಧ್ಯಯನ ಹೇಳಿದೆ ಅಂತ ಬರೆದಿದ್ದೀರಿ. 2019ರಲ್ಲಿ ಪ್ರಕಟವಾದ ಆ ಅಧ್ಯಯನ 1977ರಿಂದ 2016ರವರೆಗೆ ಅಲ್ಲಿ ಹುಟ್ಟಿದ 24 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದೆ. 40ನೇ ವಯಸ್ಸಿನ ಹೊತ್ತಿಗೆ ಹೃದಯ, ರಕ್ತನಾಳದ ತೊಂದರೆ ಬರುವ ಸಾಧ್ಯತೆ, ತಾಯಿಗೆ ಸಕ್ಕರೆ ಕಾಯಿಲೆ ಇಲ್ಲದವರಲ್ಲಿ 100ಕ್ಕೆ ಸುಮಾರು 13. ತಾಯಿಗೆ ಇದ್ದವರಲ್ಲಿ ಸುಮಾರು 18. ಶೇ 29 ಎಂಬುದು ಬೇರೆ ಕಾರಣಗಳ ಪಾಲನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ ಒಂದು ಗುಂಪಿಗಿಂತ ಇನ್ನೊಂದರಲ್ಲಿ ಕಂಡ ಹೆಚ್ಚಳ. ಬಸಿರಿನಲ್ಲೇ ಶುರುವಾದ ಸಕ್ಕರೆ ಕಾಯಿಲೆಯನ್ನಷ್ಟೇ ತೆಗೆದುಕೊಂಡರೆ ಅದು ಶೇ 19. ನೀವು ಬರೆದಿರುವುದು ಅದರ ಬಗ್ಗೆಯೇ ಅಲ್ವಾ? ತೊಂದರೆ ಅಂದರೆ ಬರೀ ಹಾರ್ಟ್ ಅಟ್ಯಾಕ್ ಕೂಡ ಅಲ್ಲ. ಬಿಪಿ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಎಲ್ಲ ಅದರಲ್ಲಿ ಸೇರಿದೆ.

‘ಸೀಮಂತದ ಸಿಹಿ ತಿಂದು ತಂದುಕೊಂಡ ಕಾಯಿಲೆ’ ಎಂಬ ಸಾಲನ್ನು ಹೊಡೆದು ಹಾಕಿದ್ದೇನೆ. ಓದಿ ನನಗೆ ಬೇಜಾರಾಯಿತು. ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ, ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಕೆಲವರ ಮೈ ತೂಗಿಸಿಕೊಂಡು ಹೋಗುತ್ತದೆ, ಕೆಲವರದ್ದಕ್ಕೆ ಆಗುವುದಿಲ್ಲ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಆಗ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತದೆ, ಮೈಯಲ್ಲಿ ಕೊಬ್ಬು ಸೇರುತ್ತದೆ. ಇಷ್ಟನ್ನು ಬಿಡಿಸಿ ಬರೆದರೆ ‘ಎರಡು ಜೀವ, ಇನ್ನೊಂದು ತುತ್ತು ತಿನ್ನು’ ಎನ್ನುವ ಅತ್ತೆಗೂ ತಿಳಿಯುತ್ತದೆ.

ಡೆನ್ಮಾರ್ಕಿನವರೆಗೆ ಹೋದವರು ಮೈಸೂರನ್ನು ಬಿಟ್ಟಿರಲ್ಲ! 1997–98ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅದೇ ನಮ್ಮ ಮಿಷನ್ ಆಸ್ಪತ್ರೆಯಲ್ಲಿ, ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಬಸುರಿಯರಿಗೆ ಸಕ್ಕರೆ ಪರೀಕ್ಷೆ ಮಾಡಿ, ಆಮೇಲೆ ಅವರ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದರು. ಒಂಬತ್ತೂವರೆ ವರ್ಷದ ಹೊತ್ತಿಗೇ ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬು ಜಾಸ್ತಿ ಇತ್ತು, ಇನ್ಸುಲಿನ್ ಸರಿಯಾಗಿ ನಾಟುತ್ತಿರಲಿಲ್ಲ. ಇದನ್ನು ಖಂಡಿತ ಸೇರಿಸಿ.

ಇನ್ನು ನಿಮ್ಮ ಮೂರನೇ ಪುಟ. ಸಕ್ಕರೆ ಪರೀಕ್ಷೆಗೆಂದು 75 ಗ್ರಾಂ ಗ್ಲೂಕೋಸ್ ಕಲಸಿದ ನೀರು ಕುಡಿದ ಬಸುರಿ ಹುಡುಗಿ ಬೆಂಚಿನ ಮೇಲೆ ಕೂತಿದ್ದಾಳೆ. ವಾಂತಿ ಬಾರದಿರಲಿ ಎಂದು ನಿಂಬೆಹಣ್ಣು ಮೂಸುತ್ತ, ಎರಡು ಗಂಟೆ ಯಾವಾಗ ಆಗುತ್ತದೋ ಎಂದು ಗಡಿಯಾರ ನೋಡುತ್ತಿದ್ದಾಳೆ. ಇದು ನೀವು ಡ್ಯೂಟಿಯಲ್ಲಿ ಕಣ್ಣಾರೆ ಕಂಡದ್ದು. ಲೇಖನ ಇಲ್ಲಿಂದಲೇ ಶುರುವಾಗಲಿ. ಅವಳ ರೀಡಿಂಗ್ 140 ದಾಟಿತಾ? ಊಟ, ನಡಿಗೆಯಲ್ಲೇ ಹತೋಟಿಗೆ ಬಂತಾ, ಇನ್ಸುಲಿನ್ ಬೇಕಾಯಿತಾ? ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆಗೆ ಬಂದಳಾ? ಅವಳ ಮಗುವಿಗೆ ಈಗ ಎಷ್ಟು ವರ್ಷ? ಹೆಸರು ಬೇಡ, ಉಳಿದದ್ದನ್ನು ಬರೆದು ಕಳಿಸಿ.