ಟೋಪಿಯ ಒಳಗಿನ ಹೆಸರು

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಮೊದಲ ಭೇಟಿಯಲ್ಲಿ ಕೂತ ತಕ್ಷಣ ಆಕೆ ಚೀಲದಿಂದ ಒಂದು ಕಾಗದದ ಚೂರು ತೆಗೆದು ಮೇಜಿನ ಮೇಲೆ ಇಟ್ಟರು. ಅಂಗೈಗಿಂತ ಚಿಕ್ಕದು, ಹಳದಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಸೂಜಿಯಿಂದ ಚುಚ್ಚಿದ ಚುಕ್ಕಿಗಳ ಸಾಲು. ಚುಕ್ಕಿಗಳನ್ನು ಕೂಡಿಸಿಕೊಂಡು ನೋಡಿದರೆ ಸೊಟ್ಟಗಿನ ಮೊಟ್ಟೆಯ ಆಕಾರ.

"ಇದು ಒಬ್ಬರ ತಲೆ" ಅಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ವಿವರಿಸಿದರು. 1843ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಒಂದು ಉಪಕರಣ ಇದೆ, ಕನ್‌ಫರ್ಮೇಚರ್ ಅಂತ. ಟೈಪ್‌ರೈಟರಿನ ಕಡ್ಡಿಗಳನ್ನೆಲ್ಲ ಸುತ್ತಲೂ ನಿಲ್ಲಿಸಿ ಟೋಪಿ ಕಟ್ಟಿದ ಹಾಗೆ ಕಾಣುತ್ತದೆ. ತಲೆಗೆ ಇಟ್ಟರೆ ಕಡ್ಡಿಗಳು ಸುತ್ತ ಒತ್ತಿಕೊಳ್ಳುತ್ತವೆ. ಮೇಲಿನ ಮುಚ್ಚಳದಲ್ಲಿರುವ ಕಾಗದಕ್ಕೆ ಆ ಆಕಾರ ಚಿಕ್ಕದಾಗಿ ಚುಚ್ಚಿಕೊಳ್ಳುತ್ತದೆ. ಯಾರ ತಲೆಯೂ ಪೂರಾ ದುಂಡಗಿರಲ್ಲ. ಒಬ್ಬರಿಗೆ ಕಿವಿಯ ಮೇಲೆ ತಗ್ಗು, ಇನ್ನೊಬ್ಬರಿಗೆ ಹಣೆಯ ಹತ್ತಿರ ಉಬ್ಬು. ಟೋಪಿ ಚೆನ್ನಾಗಿ ಕೂರಬೇಕೆಂದರೆ ಆ ಸೊಟ್ಟ ಗೊತ್ತಿರಬೇಕು. ಆಕೆಯ ಟೋಪಿ ಅಂಗಡಿಯಲ್ಲಿ ಇಂಥ ಕಾಗದಗಳು ಡಬ್ಬಿಗಟ್ಟಲೆ ಇವೆಯಂತೆ.

"ಅಂಗಡಿ ಮಾರಿದ ಹಿರಿಯರು ಸುಮ್ನೆ ಒಂದು ಸಲ ನೋಡಿದ್ರೆ ಸಾಕು, ಯಾರದ್ದು ಅಂತ ಹೇಳಿಬಿಡ್ತಾರೆ. ನನಗೆ ಒಂದೂ ಗೊತ್ತಾಗಲ್ಲ" ಅಂದರು ಆಕೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತ್ತು.

ಈ ಪ್ರಕರಣವನ್ನು ಸಂಬಂಧಪಟ್ಟ ಮೂವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹೆಸರು ಬೇಡ. ಹೆಂಡತಿ, ಗಂಡ, ಹಿರಿಯರು ಅಂತಲೇ ಕರೆಯುತ್ತೇನೆ.

ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕೆಲಸದಲ್ಲಿದ್ದವರು. ಒಂದೂವರೆ ವರ್ಷದ ಹಿಂದೆ ಸಾಲ ಮಾಡಿ, ಕೈಯಿಂದಲೇ ಟೋಪಿ ಮಾಡುವ ಒಂದು ಹಳೆಯ ಅಂಗಡಿ ಕೊಂಡರು. ಮಾರಿದ ಹಿರಿಯರಿಗೆ ಅದು ತಂದೆಯಿಂದ ಬಂದದ್ದು. ಮುಂದುವರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಕೈ ನಡುಗಲು ಶುರುವಾಗಿತ್ತು. ಒಂದು ವರ್ಷ ಬಂದು ಕಲಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ವರ್ಷ ಕಳೆದರೂ ದಿನಾ ಬರುತ್ತಿದ್ದರು. ಆದರೆ ಕಲಿಸುತ್ತಿರಲಿಲ್ಲ. ಕೇಳಿದರೆ ಸಿಡುಕು. ಒಮ್ಮೆ ಆಕೆಯ ಕೈಯಿಂದ ಫೆಲ್ಟ್, ಅಂದರೆ ಟೋಪಿಯ ಬಟ್ಟೆ, ಕಿತ್ತುಕೊಂಡೇಬಿಟ್ಟಿದ್ದರು.

ಆಕೆಗೆ ಮೂರು ವಾರದಿಂದ ನಿದ್ದೆ ಇಲ್ಲ. ಗಂಡನ ಜೊತೆ ಮಾತು ಕಡಿಮೆ, ಆಡಿದರೆ ಜಗಳ. ಕಾರಣ ಕೇಳಿದಾಗ ಮೊದಲು ಹೇಳಿದ್ದು ಪಾದರಸದ ಮಾತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೆಲ್ಟ್ ಅನ್ನು ನೇಯುವುದಿಲ್ಲ. ಮೊಲ, ಬೀವರ್‌ನಂಥ ಪ್ರಾಣಿಗಳ ತುಪ್ಪಳದ ಎಳೆಗಳ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ತೇವ, ಉಜ್ಜುವಿಕೆ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಬಟ್ಟೆಯಾಗುತ್ತವೆ. ಮೊಲದ ತುಪ್ಪಳ ನುಣುಪು, ಸುಲಭಕ್ಕೆ ಸಿಕ್ಕಿಕೊಳ್ಳಲ್ಲ. ಅದಕ್ಕೆ ಹಿಂದೆ ಪಾದರಸದ ನೈಟ್ರೇಟ್ ಹಚ್ಚುತ್ತಿದ್ದರು. ಆ ಆವಿ ಕುಡಿದ ಕೆಲಸಗಾರರಿಗೆ ಕೈನಡುಕ, ನಿದ್ದೆಗೇಡು, ಸಿಡುಕು, ಜನರೆದುರು ನಿಲ್ಲಲಾರದಷ್ಟು ಸಂಕೋಚ ಬರುತ್ತಿತ್ತು. ಅಮೆರಿಕದಲ್ಲಿ ಟೋಪಿ ಕಾರ್ಖಾನೆಗಳಿಗೆ ಹೆಸರಾಗಿದ್ದ ಡ್ಯಾನ್‌ಬರಿ ಊರಿನಲ್ಲಿ ಈ ನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತ್ತು. ಅಲ್ಲಿ ಫೆಲ್ಟ್ ತಯಾರಿಕೆಯಲ್ಲಿ ಪಾದರಸ ನಿಂತದ್ದು 1941ರಲ್ಲಿ.

ಆಕೆ ಇದನ್ನೆಲ್ಲ ರಾತ್ರಿ ಕೂತು ಓದಿದ್ದರು. ಹಿರಿಯರ ಕೈನಡುಕ, ಸಿಡುಕು, ಮಾತಾಡದಿರುವುದು, ಎಲ್ಲ ಹೊಂದಿಕೊಂಡಿತ್ತು. "ಅವರಿಗೆ ತಲೆ ಕೆಟ್ಟಿದೆ, ಅವರ ತಪ್ಪಲ್ಲ, ಪಾದರಸದ್ದು" ಅಂತ ತೀರ್ಮಾನಿಸಿದ್ದರು. ಹೇಳುವಾಗ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಂಡಿತು. ನನಗೆ ಆ ನೆಮ್ಮದಿಯ ಬಗ್ಗೆಯೇ ಚಿಂತೆ ಆಯಿತು. ನಮ್ಮನ್ನು ನೋಯಿಸುವವರಿಗೆ ಒಂದು ಕಾಯಿಲೆಯ ಹೆಸರು ಇಟ್ಟುಬಿಟ್ಟರೆ ಅವರು ಯಾಕೆ ಹಾಗೆ ಮಾಡುತ್ತಾರೆ ಎಂದು ಕೇಳುವ ಕೆಲಸ ಉಳಿಯಲ್ಲ, ಅಲ್ವಾ?

ನಾನು ಎರಡು ಮಾತು ಹೇಳಿದೆ. ನಡುಕಕ್ಕೆ ಡಾಕ್ಟರ್ ಇದ್ದಾರೆ, ಅದನ್ನು ಅವರು ನೋಡಲಿ. ಅಟ್ಟದ ಮೇಲೆ ತುಂಬಾ ಹಳೆಯ ಫೆಲ್ಟ್ ಇದೆ ಎಂದಿರಲ್ಲ, ಅದರಲ್ಲಿ ಪಾದರಸ ಉಳಿದಿರುವ ಸಾಧ್ಯತೆ ನಿಜವಾಗಿಯೂ ಇದೆ. ಪರೀಕ್ಷೆ ಆಗುವವರೆಗೆ ಅದನ್ನು ಗಾಳಿ ಆಡದ ಚೀಲದಲ್ಲಿ ಕಟ್ಟಿಡಿ. ಅದಕ್ಕೆ ಹಬೆ ಹಿಡಿಯಬೇಡಿ, ಬ್ರಷ್ ಹಾಕಬೇಡಿ. ಆಮೇಲೆ ಕೇಳಿದೆ: "ಮೂರು ವಾರದ ಹಿಂದೆ ಏನಾಯ್ತು?"

ಬಹಳ ಹೊತ್ತು ಸುಮ್ಮನಿದ್ದರು.

ಆ ದಿನ ಬೆಳಗಿನ ಜಾವಕ್ಕೇ ಎಚ್ಚರವಾಗಿ ಆಕೆ ಅಂಗಡಿಗೆ ಹೋಗಿದ್ದರು. ಹಿಂದಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಕೆಟಲ್‌ನ ಹಬೆ ಬಾಗಿಲವರೆಗೂ ತುಂಬಿತ್ತು. ಹಿರಿಯರು ಹಿಂದಿನ ದಿನ ಆಕೆ ಮುಗಿಸಿಟ್ಟಿದ್ದ ನಾಲ್ಕು ಟೋಪಿಗಳನ್ನು ಬಿಚ್ಚಿ ಕೂತಿದ್ದರು. ರಿಬ್ಬನ್ ಒಂದು ಕಡೆ, ಒಳಗಿನ ಚರ್ಮದ ಬೆವರುಪಟ್ಟಿ ಒಂದು ಕಡೆ. ಒಂದು ಟೋಪಿಯನ್ನು ಹಬೆಗೆ ಹಿಡಿದು, ಮರದ ಅಚ್ಚಿನ ಮೇಲೆ ಎಳೆದು, ನೆತ್ತಿಯ ಬುಡಕ್ಕೆ ದಾರ ಬಿಗಿಯುತ್ತಿದ್ದರು. ಕೈ ನಡುಗುತ್ತಿತ್ತು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು.

ಆಕೆ ಸದ್ದಿಲ್ಲದೆ ವಾಪಸ್ ಬಂದರು. ಗಂಡನಿಗೂ ಹೇಳಲಿಲ್ಲ. ಅವತ್ತಿನಿಂದ ಗಿರಾಕಿಗಳು ಟೋಪಿ ಚೆನ್ನಾಗಿದೆ ಅಂದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ. "ನಾನು ಮಾಡಿದ್ದು ಅಂತ ಅವರು ಕೊಳ್ತಾರೆ. ನಾನು ಮಾಡಿದ್ದೇ ಅಲ್ಲ. ಇದು ಜನರಿಗೆ ಟೋಪಿ ಹಾಕಿದ ಹಾಗಲ್ವಾ?" ಎಂದು ಕೇಳಿ ಮುಖ ಮುಚ್ಚಿಕೊಂಡರು.

ಎರಡನೇ ಭೇಟಿಗೆ ಗಂಡ ಒಬ್ಬರೇ ಬಂದರು. ಅವರ ಕಥೆ ಕೇಳುವವರೆಗೆ ನಾನು ಇದನ್ನು ಗುರುಶಿಷ್ಯರ ತಕರಾರು ಎಂದೇ ತಿಳಿದಿದ್ದೆ.

ಅವರಿಗೆ ಮೊದಲೇ ಗೊತ್ತಿತ್ತು. ಹಿರಿಯರ ಹತ್ತಿರ ಇನ್ನೂ ಒಂದು ಕೀಲಿ ಇದೆ, ಬೆಳಗಿನ ಜಾವ ಬಂದು ತಿದ್ದುತ್ತಾರೆ ಎನ್ನುವುದು ಎಂಟು ತಿಂಗಳಿಂದ ತಿಳಿದಿತ್ತು. ಸುಮ್ಮನಿದ್ದರು. ಟೋಪಿ ಮಾರಾಟವಾದರೆ ಕಂತು ಕಟ್ಟಬಹುದು. ಹೆಂಡತಿಗೆ ಹೇಳಿದರೆ ಅವಳು ಕೈ ಬಿಟ್ಟುಬಿಡುತ್ತಾಳೆ ಎಂಬ ಭಯ. ಅದರ ಮೇಲೆ ಇನ್ನೊಂದು ಗುಟ್ಟು: ಎರಡು ಕಂತುಗಳನ್ನು ಅವರು ತಮ್ಮ ಸ್ನೇಹಿತನಿಂದ ಕೈಸಾಲ ತಂದು ಕಟ್ಟಿದ್ದರು. "ಅವಳನ್ನು ಕಾಪಾಡ್ತಾ ಇದ್ದೀನಿ ಅಂದ್ಕೊಂಡಿದ್ದೆ" ಅಂದರು.

ನಾನು ಸ್ಪಷ್ಟವಾಗಿ ಹೇಳಿದೆ. ನೀವು ಹೇಳಿದ್ದನ್ನು ನಾನು ಆಕೆಗೆ ಹೇಳುವುದಿಲ್ಲ. ಆದರೆ ಈ ಗುಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಲು ನನ್ನಿಂದ ಆಗದು. ಮುಂದಿನ ಭೇಟಿಗೆ ಮೊದಲು ನೀವೇ ಹೇಳಬೇಕು. ಹೇಗೆ ಹೇಳುವುದು ಅಂತ ಬೇಕಾದರೆ ಇಲ್ಲೇ ಕೂತು ಯೋಚಿಸೋಣ. ಸುಮಾರು ಅರ್ಧ ಗಂಟೆ ಅದನ್ನೇ ಮಾಡಿದೆವು. "ನಿನಗೆ ಬೇಜಾರಾಗ್ತದೆ ಅಂತ" ಎಂಬ ಮಾತು ಪದೇ ಪದೇ ಬರುತ್ತಿತ್ತು. ಅದನ್ನು ತೆಗೆಸಿದೆ. "ನನಗೆ ಹೆದರಿಕೆ ಆಗಿತ್ತು" ಎಂದು ಶುರು ಮಾಡಿ ಎಂದೆ. ನಿಜ ಇದ್ದದ್ದು ಅದೇ.

ಅವರು ಹೇಳಿದರು. ನಾಲ್ಕು ದಿನ ಆಕೆ ತಂಗಿಯ ಮನೆಯಲ್ಲಿದ್ದರು. ಐದನೇ ದಿನ ನನಗೆ ಫೋನ್ ಮಾಡಿ, ಹಿರಿಯರನ್ನೂ ಕರೆತರುತ್ತೇನೆ ಎಂದರು. ಅದು ಆಕೆಯದೇ ನಿರ್ಧಾರ.

ಅಷ್ಟರಲ್ಲಿ ಡಾಕ್ಟರ್ ಭೇಟಿಯೂ ಮುಗಿದಿತ್ತು. ನಡುಕ ಕೆಲಸ ಮಾಡುವಾಗ ಮಾತ್ರ ಬರುತ್ತದೆ, ಕೈ ತೊಡೆಯ ಮೇಲಿದ್ದರೆ ಇರಲ್ಲ. ಹಿರಿಯರ ಅಕ್ಕನಿಗೂ ಅದೇ ನಡುಕ. ಆಕೆ ಜೀವಮಾನದಲ್ಲಿ ಫೆಲ್ಟ್ ಮುಟ್ಟಿದವರಲ್ಲ. ವಂಶದಲ್ಲಿ ಬರುವ, ವಯಸ್ಸಿನ ಜೊತೆ ಹೆಚ್ಚುವ ನಡುಕ ಇದು, ಪಾದರಸದ್ದಲ್ಲ ಎಂದು ಡಾಕ್ಟರ್ ಹೇಳಿದ್ದರು.

ಮೂವರೂ ಬಂದ ದಿನ ಹಿರಿಯರು ಕುರ್ಚಿಯ ತುದಿಯಲ್ಲಿ ಕೂತರು. ನಾನು ನೇರವಾಗಿಯೇ ಕೇಳಿದೆ, ಆ ಟೋಪಿಗಳನ್ನು ಯಾಕೆ ತಿದ್ದುತ್ತೀರಿ ಎಂದು. ಅವರು ಉತ್ತರ ಕೊಡಲಿಲ್ಲ. ಆಕೆ ತಂದಿದ್ದ ಟೋಪಿಯನ್ನು ಕೈಗೆತ್ತಿಕೊಂಡು ತಿರುಗಿಸಿದರು. ಬೆವರುಪಟ್ಟಿಯನ್ನು ಹೆಬ್ಬೆರಳಿನಿಂದ ಸ್ವಲ್ಪ ಮಡಚಿ ನನಗೆ ತೋರಿಸಿದರು. ಚರ್ಮದ ಮೇಲೆ ಬಂಗಾರದ ಬಣ್ಣದಲ್ಲಿ ಒತ್ತಿದ ಮುದ್ರೆ. ಅಂಗಡಿಯ ಹೆಸರು. ಅಂದರೆ ಅವರ ತಂದೆಯ ಹೆಸರು.

"ಅಂಗಡಿ ಮಾರಿದೆ" ಅಂದರು. "ಇದನ್ನೂ ಮಾರಿದೆ ಅಂತ ಆವತ್ತು ಗೊತ್ತಾಗಲಿಲ್ಲ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಒಂದೂವರೆ ವರ್ಷ ಮೂವರೂ ದಿನಾ ಆ ಪಟ್ಟಿಯನ್ನು ಮುಟ್ಟಿದ್ದರು. ಹೆಂಡತಿ ಹೊಲಿಯುತ್ತಿದ್ದರು, ಗಂಡ ಗಿರಾಕಿಗೆ ಅದನ್ನೇ ತೋರಿಸಿ ಮಾರುತ್ತಿದ್ದರು, ಹಿರಿಯರು ಕತ್ತಲಲ್ಲಿ ಬಿಚ್ಚುತ್ತಿದ್ದರು.

"ನನಗೆ ಹೇಳಬಹುದಿತ್ತಲ್ಲ" ಅಂದರು ಆಕೆ.

"ಹೇಳೋಕೆ ಬರಲ್ಲ ಕಣಮ್ಮ. ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ."

ಅವರಿಗೆ ಕಲಿಸಲು ಮನಸ್ಸಿಲ್ಲ ಎಂದು ಆಕೆ ತಿಳಿದಿದ್ದರು. ಅವರು ಕಲಿತದ್ದೂ ಮಾತಿಲ್ಲದೆ. ತಂದೆ ಪಕ್ಕದಲ್ಲಿ ನಿಂತು ನೋಡಿ, ಬೈಸಿಕೊಂಡು, ಕೈಯಿಂದ ಫೆಲ್ಟ್ ಕಿತ್ತುಕೊಂಡಾಗ ಅತ್ತು ಕಲಿತದ್ದು. ಫೆಲ್ಟ್ ಎಷ್ಟು ಬಿಸಿಯಾದರೆ ಎಳೆಯಬೇಕು, ಎಳೆಯುವಾಗ ಎಲ್ಲಿ ಬಿಡಬೇಕು ಎನ್ನುವುದಕ್ಕೆ ಅವರ ಹತ್ತಿರ ಪದಗಳೇ ಇರಲಿಲ್ಲ.

ಆ ದಿನ ಮತ್ತು ಮುಂದಿನ ಎರಡು ಭೇಟಿಗಳಲ್ಲಿ ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಮುದ್ರೆಯ ವಿಷಯ. ಹಿರಿಯರು ಕೈಯಾರೆ ಮಾಡಿದ ಅಥವಾ ನೋಡಿ ಒಪ್ಪಿದ ಟೋಪಿಗೆ ಮಾತ್ರ ಹಳೆಯ ಹೆಸರು ಇರಲಿ. ಆಕೆ ಮಾಡಿದ್ದಕ್ಕೆ ಆಕೆಯದೇ ಬೇರೆ ಮುದ್ರೆ ಬರಲಿ. ಗಂಡನಿಗೆ ಇದು ಹಿಡಿಸಲಿಲ್ಲ. ಹಳೆಯ ಹೆಸರಿಗೇ ಅಲ್ವಾ ನಾವು ದುಡ್ಡು ಕೊಟ್ಟಿದ್ದು ಎಂದರು. ಆ ಮಾತು ನ್ಯಾಯವೇ. ಕಾಗದಪತ್ರದ ಪ್ರಕಾರ ಹೆಸರು ಅವರದೇ. ನಾನು ಅದನ್ನು ಅಲ್ಲಗಳೆಯಲಿಲ್ಲ. ಆದರೆ ಆ ಹೆಸರಿನ ಭಾರದಲ್ಲಿ ನಿಮ್ಮ ಹೆಂಡತಿ ಒಂದು ಕೆಟ್ಟ ಟೋಪಿ ಮಾಡುವ ಹಕ್ಕನ್ನೂ ಕಳೆದುಕೊಂಡಿದ್ದಾರೆ ಎಂದೆ. ಕಲಿಯುವವರಿಗೆ ಕೆಟ್ಟದಾಗಿ ಮಾಡಲು ಜಾಗ ಬೇಕು. ತಪ್ಪನ್ನು ಯಾರೋ ರಾತ್ರಿ ಅಳಿಸಿಬಿಟ್ಟರೆ ಕಲಿಯುವುದು ಯಾವುದರಿಂದ?

ಅದರಿಂದಲೇ ಎರಡನೇ ಸಲಹೆ ಹುಟ್ಟಿತು. ವಾರಕ್ಕೆ ಒಂದು ಟೋಪಿಯನ್ನು ಆಕೆ ಮೊದಲಿಂದ ಕೊನೆಯವರೆಗೆ ಮಾಡಬೇಕು. ಹಿರಿಯರು ಪಕ್ಕದಲ್ಲಿ ಕೂರಬೇಕು, ಮುಟ್ಟಬಾರದು. ಮುಗಿದ ಮೇಲೆ ತಪ್ಪಿರುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಬೇಕು, ಅಷ್ಟೇ. ತಿದ್ದುವುದು ಆಕೆ. ಬಾಯಿಗೆ ಬಾರದ್ದನ್ನು ಸುಣ್ಣ ಹೇಳಲಿ ಎಂದೆ. ಬೇಕಾದಾಗ ಆಕೆಯ ಕೈಯ ಮೇಲೆ ಅವರು ಕೈ ಇಡಬಹುದು. ಹಬೆಯಲ್ಲಿರುವ ಫೆಲ್ಟಿನ ಮೇಲೆ ಇಬ್ಬರ ಅಂಗೈ ಇದ್ದರೆ ನಡುಕ ಅಡ್ಡಿಯಾಗಲ್ಲ.

ಗಂಡಹೆಂಡತಿಗೆ ಬೇರೆಯಾಗಿ ಹೇಳಿದ್ದು ಲೆಕ್ಕದ ಪುಸ್ತಕದ ಬಗ್ಗೆ. ವಾರಕ್ಕೆ ಒಂದು ಗಂಟೆ, ಗೊತ್ತಾದ ದಿನ, ಪುಸ್ತಕ ಇಬ್ಬರ ಮುಂದೆ ತೆರೆದಿರಬೇಕು. ಅಂಗಡಿಯಲ್ಲಿ ಬೇಡ, ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ. ಸ್ನೇಹಿತನ ಕೈಸಾಲ ಮೊದಲ ಸಾಲಿನಲ್ಲಿ ಬರೆಯಬೇಕು. ನಂಬಿಕೆ ಮುರಿದದ್ದು ಇಷ್ಟರಿಂದಲೇ ಸರಿಹೋಗುತ್ತದೆ ಎಂದು ನಾನು ಹೇಳಲಿಲ್ಲ. ಆಕೆಯ ಸಿಟ್ಟು ಆರಲು ಹಿಡಿಯುವಷ್ಟು ಸಮಯ ಹಿಡಿಯಲಿ, ಅವಸರ ಮಾಡಬೇಡಿ ಎಂದು ಗಂಡನಿಗೆ ಹೇಳಿದೆ. ನಿದ್ದೆ ಎರಡು ವಾರದಲ್ಲಿ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ ಎಂದು ಆಕೆಗೂ ಹೇಳಿದ್ದೆ. ಅದರ ಅಗತ್ಯ ಬರಲಿಲ್ಲ.

ಕೀಲಿಯ ಪ್ರಶ್ನೆ ಉಳಿದಿತ್ತು. ಹಿರಿಯರು ತಾವಾಗಿಯೇ ಅದನ್ನು ಮೇಜಿನ ಮೇಲೆ ಇಟ್ಟರು. ಆಕೆ ಅದನ್ನು ಅವರ ಕಡೆಗೇ ತಳ್ಳಿದರು. "ಇಟ್ಕೊಳ್ಳಿ. ಬೆಳಗ್ಗೆ ಬಂದ್ರೆ ನನಗೂ ಫೋನ್ ಮಾಡಿ, ನಾನೂ ಬರ್ತೀನಿ." ಇದು ನನ್ನ ಸಲಹೆಯಲ್ಲಿ ಇರಲಿಲ್ಲ. ನನಗೆ ಹೊಳೆದೂ ಇರಲಿಲ್ಲ.

ಈಗ ಐದು ತಿಂಗಳಾಗಿದೆ. ಮೊದಲ ಟೋಪಿಯ ಮೇಲೆ ಹನ್ನೊಂದು ಗುರುತು ಬಿದ್ದವಂತೆ. ಅಂಚು ಒಂದು ಕಡೆ ಅಗಲ, ನೆತ್ತಿ ಸ್ವಲ್ಪ ವಾಲಿತ್ತು, ರಿಬ್ಬನ್ನಿನ ಗಂಟು ಎಡಕ್ಕೆ ಬರುವ ಬದಲು ಹಿಂದಕ್ಕೆ ಜಾರಿತ್ತು. ಕಳೆದ ತಿಂಗಳ ಟೋಪಿಗೆ ಮೂರು. ಹೊಸ ಮುದ್ರೆಯ ಟೋಪಿಗಳು ನಿಧಾನವಾಗಿ ಹೋಗುತ್ತಿವೆ. ಮೊದಲ ಎರಡು ತಿಂಗಳು ವ್ಯಾಪಾರ ಬಿದ್ದೇ ಹೋಯಿತು, ಗಂಡ ವಾರಕ್ಕೆ ಮೂರು ದಿನ ಹಳೆಯ ಕೆಲಸಕ್ಕೆ ಮರಳಿದರು. ಜನ ಮನೆಯ ಹಳೆಯ ಟೋಪಿಗಳನ್ನು ತರುತ್ತಿದ್ದಾರೆ. ಆಕಾರ ಕೆಟ್ಟದ್ದನ್ನು ಮತ್ತೆ ಅಚ್ಚಿಗೆ ಏರಿಸುವುದು, ಬೆವರುಪಟ್ಟಿ ಬದಲಿಸುವುದು, ಅರಗಿನ ದ್ರಾವಣ ಹಚ್ಚಿ ಅಂಚು ಗಟ್ಟಿ ಮಾಡುವುದು. ಈ ರಿಪೇರಿ ಕೆಲಸದಿಂದಲೇ ಈಗ ಜಾಸ್ತಿ ಕಂತು ಹೋಗುತ್ತಿದೆ. ಕೈಸಾಲ ಇನ್ನೂ ಅರ್ಧ ಬಾಕಿ ಇದೆ.

ಹಿರಿಯರು ಮುಂದಿನ ವರ್ಷ ಬರುವುದನ್ನು ನಿಲ್ಲಿಸುತ್ತೇನೆ ಎಂದಿದ್ದಾರೆ. ಹಾಗಾದರೆ ಹಳೆಯ ಮುದ್ರೆ ಏನಾಗಬೇಕು? ಅಂಗಡಿಯಲ್ಲೇ ಇರಬೇಕೋ, ಅವರ ಮನೆಗೆ ಹೋಗಬೇಕೋ? ಗಂಡನದು ಒಂದು ಅಭಿಪ್ರಾಯ, ಹೆಂಡತಿಯದು ಇನ್ನೊಂದು. ಹಿರಿಯರು ಏನೂ ಹೇಳಿಲ್ಲ. ಅದನ್ನು ಮಾತಾಡಲು ಮುಂದಿನ ತಿಂಗಳು ಮೂವರೂ ಬರುತ್ತಿದ್ದಾರೆ.